ಖಾಕಿ ಅಂಗಿಯಲ್ಲಿ ನಾನು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಯಗ್ರೀವ ರಾಯರು ತಮ್ಮ ಕಟ್ಟಡದ ವಾಚ್‌ಮನ್ ಸೈದಪ್ಪನ ಖಾಕಿ ಅಂಗಿ ತೊಟ್ಟು ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

1984ರ ಡಿಸೆಂಬರ್. ಡೊಂಬಿವಲಿ ಪೂರ್ವದಲ್ಲಿ ಮೂರು ಮಾಳಿಗೆಯ ಹೌಸಿಂಗ್ ಸೊಸೈಟಿ. ರಾಯರಿಗೆ ನಲವತ್ತೊಂದು ವರ್ಷ, ಮುಂಬಯಿಯ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ. ವಾಚ್‌ಮನ್ ಆಗುವ ಉದ್ದೇಶ ಅವರಿಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಬಹುಮಾನ.

ಕನ್ನಡ ಸಂಘದವರು ವರ್ಷಕ್ಕೊಮ್ಮೆ ಛಾಯಾಚಿತ್ರ ಸ್ಪರ್ಧೆ ನಡೆಸುತ್ತಿದ್ದರು. ರಾಯರು ಎಂಟು ವರ್ಷಗಳಿಂದ ಭಾಗವಹಿಸುತ್ತಿದ್ದರು, ಎಂಟು ವರ್ಷಗಳಿಂದ ಬರಿಗೈಯಲ್ಲಿ ಮರಳುತ್ತಿದ್ದರು. ಹೋದ ವರ್ಷ ಕಲ್ಯಾಣದ ಖಾಡಿಯ ನೀರಿನ ಮೇಲಿನ ಸೂರ್ಯಾಸ್ತ ಕಳಿಸಿದ್ದರು. ಅದೇ ಸೂರ್ಯಾಸ್ತವನ್ನು ಇನ್ನೂ ಆರು ಜನ ಕಳಿಸಿದ್ದರು. ರಾಯರದ್ದರಲ್ಲಿ ಮಾತ್ರ ಫೋಕಸ್ ಸೂರ್ಯನ ಬದಲು ಒಂದು ಸೊಳ್ಳೆಯ ಮೇಲಿತ್ತು.

ಹೆಂಡತಿ ಗಂಗಾ ಈ ಸಲ ತೀರ್ಮಾನ ಹೇಳಿಬಿಟ್ಟಿದ್ದರು. ಬಹುಮಾನ ಬಂದರೆ ಕ್ಯಾಮೆರಾ ಮನೆಯಲ್ಲಿ, ಬಾರದಿದ್ದರೆ ತನ್ನ ತಮ್ಮ ಮುರಾರಿಯ ಕೈಯಲ್ಲಿ. ಮುರಾರಿ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್. ಜನವರಿಯಲ್ಲಿ ಅವನ ಮದುವೆ, ಆಮೇಲೆ ಮಹಾಬಳೇಶ್ವರ. ಅಲ್ಲಿಗೆ ಹೋಗಲು ಅವನ ಬಳಿ ಹೆಂಡತಿಯಾಗುವವಳು ಇದ್ದಳು, ಸ್ವೆಟರ್ ಇತ್ತು. ಕ್ಯಾಮೆರಾ ಒಂದೇ ಇರಲಿಲ್ಲ.

ಸಂಘ ಈ ವರ್ಷ ಕೊಟ್ಟ ವಿಷಯ ‘ನಾನು’. ತನ್ನ ಚಿತ್ರವನ್ನು ತಾನೇ ತೆಗೆದಿರಬೇಕು. ಹದಿನೈದು ದಿನ ರಾಯರು ಕನ್ನಡಿಯ ಮುಂದೆ ನಿಂತು ನೋಡಿದರು. ಬಹುಮಾನ ಕೊಡಬಹುದಾದಂಥದ್ದು ಏನೂ ಕಾಣಲಿಲ್ಲ. ಆಗ ಸ್ಟೇಷನ್ ಬಳಿಯ ರದ್ದಿ ಅಂಗಡಿಯಲ್ಲಿ ಒಂದು ಹಳೆಯ ವಿದೇಶಿ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಒಬ್ಬ ಹೆಂಗಸಿನ ಫೋಟೋಗಳಿದ್ದವು. ಒಂದರಲ್ಲಿ ಆಫೀಸಿಗೆ ಹೊರಟವಳು, ಇನ್ನೊಂದರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿಕೊಂಡವಳು, ಮತ್ತೊಂದರಲ್ಲಿ ರಸ್ತೆ ಬದಿ ಪೆಟ್ಟಿಗೆ ಇಟ್ಟುಕೊಂಡು ಕಾಯುವವಳು. ತೆಗೆದವಳೂ ಅವಳೇ, ಚಿತ್ರದೊಳಗಿದ್ದವಳೂ ಅವಳೇ. ಆದರೆ ಒಂದರಲ್ಲೂ ಅವಳು ಅವಳಾಗಿರಲಿಲ್ಲ.

ಉಡುಪಿ ಕಡೆಯವರಿಗೆ ವೇಷ ಹೊಸತಲ್ಲ. ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿ ಅಂಗಡಿಯ ಗುಮಾಸ್ತನೊಬ್ಬ ಒಂದು ಗಂಟೆಯಲ್ಲಿ ರಾವಣನಾಗಿ ಎದ್ದು ಹೋಗುವುದನ್ನು ರಾಯರು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದರು. ರಾವಣನಾಗುವಷ್ಟು ಮೈಕಟ್ಟು ತಮಗಿಲ್ಲವೆಂಬುದು ಅವರಿಗೆ ತಿಳಿದಿತ್ತು. ಸೈದಪ್ಪ ಆಗಬಹುದಿತ್ತು. ಇಬ್ಬರದೂ ಒಂದೇ ಎತ್ತರ, ಒಂದೇ ಸಣಕಲು ದೇಹ. ಮೀಸೆಯನ್ನು ಸಂಘದ ನಾಟಕದ ಪೆಟ್ಟಿಗೆಯಿಂದ ತಂದು ಗೋಂದು ಹಾಕಿ ಅಂಟಿಸಿದರು. ಅದು ಬಾಟಲಿ ತೊಳೆಯುವ ಬ್ರಷ್ಷಿನಂತಿತ್ತು. ಕನ್ನಡಕ ತೆಗೆದಿಟ್ಟು, ಮಫ್ಲರ್ ಸುತ್ತಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು.

ಸೈದಪ್ಪ ಕಲಬುರಗಿ ಕಡೆಯವನು. ರಾಯರ ಚೌಕುಳಿ ಅಂಗಿ ತೊಟ್ಟು ಎದುರು ನಿಂತಿದ್ದ.

“ಸಾಹೇಬ್ರ, ನೀವು ಹ್ಯಾಂಗಿದ್ರೂ ಕೂಡತೀರಿ. ನಾ ಟಿಟ್ವಾಳಾಕ್ಕ ಹೋಗಿ ಗಣಪ್ಪಗ ಒಂದು ಕಾಯಿ ಒಡಿಸಿ ಹತ್ತರೊಳಗ ಬಂದ್ಬಿಡ್ತೀನ್ರಿ. ನನ್ನ ಹೇಣ್ತಿ ಸಾಬವ್ವ ಮೂರು ತಿಂಗಳಾತು, ದಿನಾ ಗಂಟು ಬಿದ್ದಾಳ. ಸೆಕ್ರೆಟರಿ ಸಾಹೇಬ್ರಿಗೆ ಮಾತ್ರ ಗೊತ್ತಾಗಬಾರ್ದು. ಹೊಟ್ಟಿ ಪ್ರಶ್ನಿ ಅದರಿ.”

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸೊಸೈಟಿಯ ಸೆಕ್ರೆಟರಿ ಪರಾಂಜಪೆಯವರು ಹೋದ ತಿಂಗಳ ಸಭೆಯಲ್ಲಿ, ಇನ್ನೊಮ್ಮೆ ಗೇಟಿನಲ್ಲಿ ವಾಚ್‌ಮನ್ ಕಾಣದಿದ್ದರೆ ಅದೇ ಅವನ ಕೊನೆಯ ದಿನ ಎಂದು ಸಾರಿದ್ದರು.

“ಹೋಗಿ ಬಾ ಮಾರಾಯ, ನಾನಿಲ್ಲವಾ” ಎಂದರು ರಾಯರು. ಕಲಾವಿದರಿಗೆ ಬೆಳಗಿನ ಹೊತ್ತು ಇರುವ ಔದಾರ್ಯ.

ರೋಲಿನಲ್ಲಿ ಮೂರು ಚಿತ್ರಗಳಷ್ಟೇ ಉಳಿದಿದ್ದವು. ಸ್ಟೂಲಿನ ಎದುರಿನ ಕಟ್ಟೆಯ ಮೇಲೆ ಎರಡು ಇಟ್ಟಿಗೆ ಇಟ್ಟು, ಅವುಗಳ ನಡುವೆ ಕ್ಯಾಮೆರಾ ಕೂರಿಸಿದರು. ಅದರ ಮೂತಿಯ ಪಕ್ಕ ಒಂದು ಸಣ್ಣ ಕಡ್ಡಿ. ಅದನ್ನು ತಿರುಗಿಸಿ ಬಿಟ್ಟರೆ ಜರ್ರೆಂದು ಸದ್ದು ಮಾಡುತ್ತ ಹತ್ತು ಸೆಕೆಂಡಿನ ನಂತರ ತಾನೇ ಫೋಟೋ ತೆಗೆಯುತ್ತದೆ. ರಾಯರು ಕಡ್ಡಿ ತಿರುಗಿಸಿ, ಓಡಿ ಬಂದು ಕುಳಿತು, ಬದುಕಿನ ಭಾರವೆಲ್ಲ ಮುಖದಲ್ಲಿ ಕಾಣುವಂತೆ ಹುಬ್ಬು ಗಂಟಿಕ್ಕಿದರು.

ಮೊದಲ ಮಾಳಿಗೆಯ ಬಾಲ್ಕನಿಯಿಂದ ಪರಾಂಜಪೆಯವರ ದನಿ ಬಂತು. “ಏ ಸೈದಪ್ಪ, ಪಂಪ್ ಚಾಲೂ ಕರ್. ಟಾಕಿ ಖಾಲಿ ಹೈ.”

ಮೇಲಿನಿಂದ ಕರೆದರೆ ಎದ್ದು ನಿಲ್ಲುವುದು ರಾಯರಿಗೆ ಇಪ್ಪತ್ತು ವರ್ಷಗಳ ಕಚೇರಿ ಅಭ್ಯಾಸ. ಎದ್ದರು. ಕ್ಯಾಮೆರಾ ಬರಿಯ ಸ್ಟೂಲನ್ನು ಅಚ್ಚುಕಟ್ಟಾಗಿ ಸೆರೆಹಿಡಿಯಿತು.

ಪಂಪಿನ ಸ್ವಿಚ್ಚು ಹುಡುಕಲು ಕಾಲು ಗಂಟೆ ಹಿಡಿಯಿತು. ಹಾಕಿದ ಮೇಲೆ ಆರಿಸಬೇಕೆಂಬುದು ಹೊಳೆಯಲು ಇನ್ನೂ ಹೆಚ್ಚು. ನೀರಿನ ಟಾಕಿ ತುಂಬಿ, ತಾರಸಿಯ ಮೇಲೆಲ್ಲ ಹರಿದು, ಮೂರನೇ ಮಾಳಿಗೆಯ ಜಯಲತಾ ಒಣಗಲು ಹಾಕಿದ್ದ ಹಪ್ಪಳಗಳು ತೇಲಿದವು.

“ಸೈದಪ್ಪ, ನಿನಗೆ ಕಣ್ಣು ಕಾಣುವುದಿಲ್ಲವಾ?” ಎಂದು ಆಕೆ ಮೇಲಿನಿಂದ ಕೇಳಿದರು. ನಿಜಕ್ಕೂ ಕಾಣುತ್ತಿರಲಿಲ್ಲ. ಕನ್ನಡಕವಿಲ್ಲದ ರಾಯರು ಅಷ್ಟರಲ್ಲಿ ಎರಡು ಸಲ ಖಾಲಿ ರಿಕ್ಷಾಕ್ಕೂ ಒಂದು ಸಲ ಎಮ್ಮೆಗೂ ಸಲಾಂ ಹೊಡೆದಿದ್ದರು.

ಹತ್ತಾಯಿತು. ಸೈದಪ್ಪ ಬರಲಿಲ್ಲ. ಎದ್ದು ಮನೆಗೆ ಹೋಗೋಣವೆಂದರೆ ಗೇಟು ಖಾಲಿಯಾಗುತ್ತದೆ. ಗೇಟು ಖಾಲಿಯಾದರೆ ಬಾಲ್ಕನಿಯಲ್ಲಿ ಪೇಪರ್ ಓದುತ್ತಿರುವ ಪರಾಂಜಪೆ. ರಾಯರು ಕೂತರು.

ಹನ್ನೊಂದಕ್ಕೆ ಎರಡನೇ ಪ್ರಯತ್ನ. ಕಡ್ಡಿ ತಿರುಗಿಸಿ ಬಂದು ಕೂತದ್ದೇ ತಡ, ಗ್ಯಾಸ್ ಸಿಲಿಂಡರಿನವನು ಸಿಲಿಂಡರನ್ನು ಧಡ್ಡೆಂದು ಸ್ಟೂಲಿನ ಮುಂದೆ ಇಳಿಸಿ, ಮೂರನೇ ಮಾಳಿಗೆಗಂತೆ ಎಂದು ಹೇಳಿ ಸೈಕಲ್ ಹತ್ತಿಬಿಟ್ಟ. ಆ ಚಿತ್ರದಲ್ಲಿ ಸಿಲಿಂಡರ್ ಬಹಳ ಸ್ಪಷ್ಟವಾಗಿ ಬಂತು. ಅದರ ಹಿಂದೆ ರಾಯರ ಒಂದು ಮೊಣಕಾಲೂ ಇತ್ತು.

ಸಿಲಿಂಡರನ್ನು ರಾಯರೇ ಹೊತ್ತರು. ಪ್ರತಿ ಮಾಳಿಗೆಯಲ್ಲೂ ಅದನ್ನು ಇಳಿಸಿ, ಇನ್ನೊಂದು ಕಡೆಯ ಹೆಗಲನ್ನು ವಿಚಾರಿಸಿಕೊಂಡು ಮುಂದೆ ಹೋದರು. ಬಾಗಿಲು ತೆರೆದ ಜಯಲತಾ ಸಂಘದ ಸಮಿತಿಯವರು. ನಾಲ್ಕು ವರ್ಷಗಳಿಂದ ರಾಯರೊಡನೆ ಎಲ್ಲ ಸಭೆಗಳಲ್ಲೂ ಮಾತಾಡಿದವರು. ಅವರು ಖಾಕಿ ಅಂಗಿಯನ್ನು ನೋಡಿದರು, ಸಿಲಿಂಡರನ್ನು ನೋಡಿದರು. ಒದ್ದೆ ಹಪ್ಪಳಗಳ ಮೊರವನ್ನು ಕೈಗಿಟ್ಟು, ಕೆಳಗೆ ಬಿಸಿಲಿಗೆ ಹರಡಿ ಕಾಗೆ ಬರದಂತೆ ನೋಡಿಕೊಳ್ಳಲು ಹೇಳಿ ಬಾಗಿಲು ಹಾಕಿಕೊಂಡರು.

ವೇಷ ಇಷ್ಟು ಕೂಡಿಬಂತಲ್ಲ ಎಂಬುದು ಅಲ್ಲಿಯವರೆಗೆ ರಾಯರಿಗೆ ಗೆಲುವಾಗಿ ಕಂಡಿತ್ತು. ಆಮೇಲೆ ಅಷ್ಟಾಗಿ ಕಾಣಲಿಲ್ಲ. ಕಟ್ಟಡದ ಅರ್ಧ ಜನ ಗೇಟು ದಾಟಿ ಹೋದರು, ಬಂದರು. ಒಬ್ಬರು ಚಪ್ಪಲಿ ಹೊಲಿಸಿ ತರಲು ಕೊಟ್ಟರು. ಇನ್ನೊಬ್ಬರು ಸ್ಕೂಟರಿಗೆ ಒದೆಯಲು ಹೇಳಿ, ಅದು ಹೊರಟಾಗ ಹಿಂದೆ ನೋಡದೆ ಹೋದರು. ಯಾರೂ ಟೋಪಿಯ ಕೆಳಗೆ ನೋಡಲಿಲ್ಲ.

ನೋಡಿದವರು ಗಂಗಾ ಒಬ್ಬರೇ. ಒಂದು ಗಂಟೆಗೆ ಊಟದ ಡಬ್ಬಿ ಹಿಡಿದು ಬಂದು, ಬಗ್ಗಿ ಇಣುಕಿದರು.

“ಎಂತ ಅವತಾರ ಇದು” ಎಂದರು. ಸಾರು ಬಡಿಸಿ, ಸೆರಗಿನ ಮರೆಯಿಂದ ಇನ್ನೊಂದು ಮೊರ ತೆಗೆದರು. “ಹೇಗೂ ಕೂತಿದ್ದೀರಲ್ಲ, ಈ ರೇಷನ್ ಅಕ್ಕಿಯ ಕಲ್ಲು ಆರಿಸಿಡಿ. ಮುರಾರಿ ಸಂಜೆ ಬರುತ್ತಾನಂತೆ.”

ಮುರಾರಿ ಯಾಕೆ ಬರುತ್ತಾನೆಂದು ರಾಯರು ಕೇಳಲಿಲ್ಲ. ಸಾರಿನಲ್ಲಿ ಮೀಸೆಯ ತುದಿ ಅದ್ದುತ್ತ ಉಂಡು, ಕಾಗೆ ಓಡಿಸುತ್ತ ಅಕ್ಕಿ ಆರಿಸಿದರು.

ಮೂರೂವರೆಗೆ ಬಿಸಿಲು ಓರೆಯಾಗಿ ಗೇಟಿನ ಸರಳುಗಳ ನೆರಳನ್ನು ಸ್ಟೂಲಿನವರೆಗೆ ಎಳೆಯಿತು. ಬೆಳಕು ಚೆನ್ನಾಗಿತ್ತು. ಉಳಿದಿದ್ದದ್ದು ಒಂದೇ ಚಿತ್ರ. ಬದುಕಿನ ಭಾರವನ್ನು ಮುಖಕ್ಕೆ ತರಲು ಈಗ ಶಕ್ತಿಯಿರಲಿಲ್ಲ. ಕಡ್ಡಿ ತಿರುಗಿಸಿದರು, ಓಡದೆ ನಡೆದೇ ಬಂದರು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹತ್ತು ಸೆಕೆಂಡು ಮುಗಿಯುವುದರೊಳಗೆ ನಿದ್ದೆ ಬಂದುಬಿಟ್ಟಿತು.

ಎಬ್ಬಿಸಿದವನು ಸೈದಪ್ಪ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಅರ್ಧ ತೆಂಗಿನಕಾಯಿ. ದರ್ಶನಕ್ಕೆ ಸಾಲು ಟಿಟ್ವಾಳಾ ಸ್ಟೇಷನ್ನಿನವರೆಗೆ ಇತ್ತಂತೆ. ಬೈಯಲು ರಾಯರಿಗೆ ದಣಿವು. ಪಂಪಿನ ಕೋಣೆಯಲ್ಲಿ ಅಂಗಿ ಬದಲಾಯಿಸಿಕೊಂಡರು. ಮೀಸೆ ಕೀಳಲು ಸೀಮೆಎಣ್ಣೆ ಬೇಕಾಯಿತು, ಅದರೊಂದಿಗೆ ಮೇಲ್ದುಟಿಯ ಸಿಪ್ಪೆಯೂ ಹೋಯಿತು.

ಎದುರು ರಸ್ತೆಯಲ್ಲೇ ಗುಣಪಾಲನ ಸ್ಟುಡಿಯೋ. ಅವನು ಕಾರ್ಕಳದವನು, ಎಲ್ಲರ ಫೋಟೋಗಳ ಬಗ್ಗೆಯೂ ಧಾರಾಳವಾಗಿ ಮಾತಾಡುವವನು. ಐದೂವರೆಗೆ ಕತ್ತಲಕೋಣೆಯಿಂದ ಒದ್ದೆ ಪ್ರಿಂಟು ಹಿಡಿದು ಬಂದವನು ಅದನ್ನು ಬಲ್ಬಿನ ಕೆಳಗೆ ಹಿಡಿದುಕೊಂಡೇ ನಿಂತ. ಟೋಪಿ ಒಂದು ಕಡೆಗೆ ಜಾರಿತ್ತು. ಬಾಯಿ ಅರ್ಧ ತೆರೆದಿತ್ತು. ಒಂದು ಕೈ ಅಕ್ಕಿಯೊಳಗೆ, ಇನ್ನೊಂದು ಬೀಗದ ಕೈಗಳ ಗೊಂಚಲಿನ ಮೇಲೆ. ಮೈಮೇಲೆಲ್ಲ ಸರಳುಗಳ ನೆರಳು.

“ಇದನ್ನು ನೀವು ತೆಗೆದದ್ದಾ, ರಾಯರೇ?” ಎಂದು ಕೊನೆಗೆ ಕೇಳಿದ.

ಪ್ರದರ್ಶನ ಅಂದೇ ಸಂಜೆ ರಾಯರ ಕಟ್ಟಡದ ಅಂಗಳದ ಶೆಡ್ಡಿನಲ್ಲಿತ್ತು. ಜಾಗ ಪುಕ್ಕಟೆ ಕೊಟ್ಟದ್ದರಿಂದ ಪರಾಂಜಪೆಯವರೇ ಮುಖ್ಯ ಅತಿಥಿ. ಕನ್ನಡ ಬಾರದ ಅವರಿಗೆ ಜಯಲತಾ ಪಕ್ಕದಲ್ಲಿ ಕೂತು ಅನುವಾದಿಸುತ್ತಿದ್ದರು. ಸೈದಪ್ಪ ಖಾಕಿಯಲ್ಲಿ ಚಹಾ ಹಂಚುತ್ತಿದ್ದ. ಮುರಾರಿ ಬಂದಿದ್ದ, ಹೆಗಲಿಗೆ ಒಂದು ಖಾಲಿ ಚೀಲ ಹಾಕಿಕೊಂಡು.

ತೀರ್ಪುಗಾರ ಶಂಕ್ರೆಪ್ಪನವರು ಮೂವತ್ತು ವರ್ಷ ಪತ್ರಿಕೆಗಳಿಗೆ ಫೋಟೋ ತೆಗೆದು ನಿವೃತ್ತರಾದವರು. ಹದಿನಾಲ್ಕು ಚಿತ್ರಗಳನ್ನು ನಡೆಯುತ್ತಲೇ ನೋಡಿದರು. ಹದಿನೈದನೆಯದರ ಮುಂದೆ ನಿಂತರು. ಚಹಾ ಆರಿತು.

“ಇದರಾಗ ಜೀವ ಅದ” ಎಂದರು. “ಆದರ ವಿಷಯ ‘ನಾನು’. ಇದು ನಿಮ್ಮ ವಾಚ್‌ಮನ್‌ನ ಫೋಟೋ. ರಾಯರದ್ದೇ ಆಗಿದ್ರ ಮೊದಲನೇ ಬಹುಮಾನ ಬ್ಯಾರೆ ಯಾವುದಕ್ಕೂ ಕೊಡ್ತಿದ್ದಿಲ್ಲ.”

“ಅದು ನಾನೇ ಸರ್” ಎಂದರು ರಾಯರು.

ಶೆಡ್ಡಿನಲ್ಲಿ ನಗು ಎದ್ದಿತು. ನಗು ಇಳಿಯುವವರೆಗೆ ಕಾದು, ರಾಯರು ಜೇಬಿನಿಂದ ಮೀಸೆ ಹೊರತೆಗೆದರು. ಅದನ್ನು ಕಂಡು ಶಂಕ್ರೆಪ್ಪನವರ ಹುಬ್ಬು ಮೇಲೇರಿತು. ಮುರಾರಿ ಚೀಲವನ್ನು ಹೆಗಲಿನಿಂದ ಇಳಿಸಿದ. ಎಂಟು ವರ್ಷಗಳಲ್ಲಿ ಮೊದಲ ಸಲ ಇಷ್ಟು ಜನ ರಾಯರನ್ನು ಒಟ್ಟಿಗೆ ನೋಡುತ್ತಿದ್ದರು.

ಜಯಲತಾ ಇದನ್ನೆಲ್ಲ ಹಿಂದಿಗೆ ತಿರುಗಿಸಿ ಮುಗಿಸಿದಾಗ ಪರಾಂಜಪೆಯವರು ಕುರ್ಚಿಯಿಂದ ಎದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. ಗೇಟಿನಲ್ಲಿ ಕೂತಿದ್ದವರು ರಾವ್‌ಸಾಹೇಬರಾದರೆ, ಆ ಹೊತ್ತಿನಲ್ಲಿ ಸೈದಪ್ಪ ಎಲ್ಲಿದ್ದ?

ಎಲ್ಲರೂ ಸೈದಪ್ಪನ ಕಡೆ ತಿರುಗಿದರು. ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. ಹಣೆಯ ಕುಂಕುಮ ಇನ್ನೂ ಇತ್ತು. ಮೀಸೆ ಹಿಡಿದ ರಾಯರ ಕೈ ಜೇಬಿಗೂ ತುಟಿಗೂ ನಡುವೆ ನಿಂತಿತ್ತು.

“ಅದು ನಾನೇ ಅದೀನ್ರಿ” ಎಂದ ಸೈದಪ್ಪ. ಹೇಳಿದ್ದು ಪರಾಂಜಪೆಯವರಿಗೆ, ನೋಡಿದ್ದು ರಾಯರನ್ನು. “ಉಂಡ ಮ್ಯಾಲ ಜರಾ ಕಣ್ಣು ಹತ್ತಿತ್ರಿ.” ಜಯಲತಾ ಅದನ್ನೂ ಹಿಂದಿಗೆ ತಿರುಗಿಸಿದರು.

“ಹೌದೇನ್ರಿ, ರಾಯರ?” ಎಂದು ಶಂಕ್ರೆಪ್ಪನವರು ಕೇಳಿದರು.

ರಾಯರು ಮೀಸೆಯನ್ನು ಮಡಚಿ ಜೇಬಿಗೆ ಹಾಕಿದರು.

“ಹೌದು ಸರ್. ಸೈದಪ್ಪನೇ. ನಾನು ತಮಾಷೆಗೆ ಹೇಳಿದ್ದು.”

ಮೊದಲ ಬಹುಮಾನ ಜಯಲತಾ ಅವರಿಗೆ ಹೋಯಿತು. ಅವರು ಕನ್ನಡಿಯಲ್ಲಿ ತೆಗೆದುಕೊಂಡ ತಮ್ಮ ಚಿತ್ರದಲ್ಲಿ ಮುಖವಿರಬೇಕಾದಲ್ಲಿ ಫ್ಲ್ಯಾಶಿನ ಬೆಳಕಿತ್ತು. ಮುಖ ಅವರದ್ದಲ್ಲವೆಂದು ಯಾರೂ ತಕರಾರು ಮಾಡುವಂತಿರಲಿಲ್ಲ. ಪರಾಂಜಪೆಯವರು ಸೈದಪ್ಪನಿಗೆ ಎರಡು ತಪ್ಪು ಹೊರಿಸಿದರು, ಕೆಲಸದ ವೇಳೆ ನಿದ್ದೆ ಮತ್ತು ಯಾರದೋ ಮನೆಯ ಅಕ್ಕಿ ಆರಿಸಿದ್ದು. ಗೇಟು ಬಿಟ್ಟು ಹೋಗಿರಲಿಲ್ಲವಾದ್ದರಿಂದ ಎಚ್ಚರಿಕೆ ಕೊಟ್ಟು ಬಿಟ್ಟರು. ಪುರಾವೆಗೆಂದು ಫೋಟೋ ಕೇಳಿ ಇಟ್ಟುಕೊಂಡರು.

ಮುರಾರಿ ಕ್ಯಾಮೆರಾವನ್ನು ಚೀಲಕ್ಕಿಳಿಸಿದ. “ಬೇಸರ ಇಲ್ಲವಲ್ಲ ಭಾವ?” ಎಂದ. ಇಲ್ಲವೆಂದರು ರಾಯರು. ಹಾಗಾದರೆ ಅದರ ಚರ್ಮದ ಕವರನ್ನೂ ಕೊಡಿ ಎಂದ.

ರಾತ್ರಿ ಊಟಕ್ಕೆ ಕೂತಾಗ ಗಂಗಾ ಆ ವಿಷಯ ಎತ್ತಿದ್ದು ಒಮ್ಮೆ ಮಾತ್ರ. “ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಆ ಬಾಯಿ ತೆರೆದು ಮಲಗುವುದು ನನಗೆ ಗೊತ್ತಾಗುವುದಿಲ್ಲವಾ?” ಎಂದು ಇನ್ನೊಂದು ಸೌಟು ಅನ್ನ ಬಡಿಸಿದರು. ಆದರೂ ಮಾತೆಂದರೆ ಮಾತು, ಕ್ಯಾಮೆರಾ ಹೋದದ್ದು ಹೋಯಿತು.

ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಟ ರಾಯರು ನೋಟೀಸ್ ಬೋರ್ಡಿನ ಮುಂದೆ ನಿಂತರು. ಅವರ ಫೋಟೋವನ್ನು ಅಲ್ಲಿ ಅಂಟಿಸಲಾಗಿತ್ತು. ಕೆಲಸದ ವೇಳೆ ಹೀಗೆ ಕಂಡುಬಂದರೆ ನೌಕರಿಯಿಂದ ತೆಗೆದುಹಾಕಲಾಗುವುದು ಎಂದು ಕೆಳಗೆ ಮರಾಠಿಯಲ್ಲಿ ಬರೆದಿತ್ತು. ಸೈದಪ್ಪ ಪಂಪಿನ ಕೋಣೆಯಲ್ಲಿದ್ದ.

ಹೊಸದಾಗಿ ಬಂದ ಹಾಲಿನವನು ಸೈಕಲ್ ನಿಲ್ಲಿಸಿದ. ಫೋಟೋವನ್ನು ನೋಡಿದ, ರಾಯರ ಮುಖವನ್ನು ನೋಡಿದ, ಮತ್ತೆ ಫೋಟೋವನ್ನು ನೋಡಿದ. ಅವನಿಗೆ ಅನುಮಾನವೇ ಇರಲಿಲ್ಲ.

“ಆಜ್ ಜಾಗತಾ ಹೈ ಕ್ಯಾ?” ಎಂದು, ಇವತ್ತಾದರೂ ಎಚ್ಚರವಿದ್ದೀಯಾ ಎಂಬಂತೆ ಕೇಳಿ, ಕ್ಯಾನ್ ಇಳಿಸಲು ಕೈ ಹಾಕು ಎಂದ.

ರಾಯರು ಬ್ಯಾಗನ್ನು ಸ್ಟೂಲಿನ ಮೇಲಿಟ್ಟು ಎರಡೂ ಕ್ಯಾನ್ ಇಳಿಸಿಕೊಟ್ಟರು. ಎಂಟು ಹನ್ನೆರಡರ ಫಾಸ್ಟ್ ಲೋಕಲ್ ತಪ್ಪಿತು.