ನಾಲ್ಕು ತಾಲ್ಲೂಕಿನ ಬಸುರಿಯರ ತೂಕ

ಗರ್ಭಿಣಿಯರ ತಪಾಸಣೆಯ ದಿನ ಬಂತೆಂದರೆ ಸಾಕು, ನನ್ನ ತೂಕದ ಯಂತ್ರದ ಸುತ್ತ ಏನಾದರೊಂದು ನಡೆದೇ ನಡೆಯುತ್ತದೆ. ನರ್ಸಾಗಿ ವರ್ಗವಾಗುತ್ತಾ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ಹೆರಿಗೆ ಮಾಡಿಸಿದ್ದೇನೆ. ಕೆರೆ, ನಾಲೆಯ ನೀರಿರುವ ಕಡೆ ಬಸುರಿಯರು ಮೈತುಂಬಿಕೊಂಡು ಬರುತ್ತಾರೆ. ಮಳೆ ಕಾಣದ ಜಗಳೂರು ಕಡೆಯವರು ಕಡ್ಡಿಯಂತೆ ಬಂದು ನನ್ನ ಎದೆ ನಡುಗಿಸುತ್ತಾರೆ. ತಾಯಿ ಸೊರಗಿದರೆ ಕೂಸಿಗೆ ತೊಂದರೆ, ನನಗೆ ಅದೊಂದೇ ಚಿಂತೆ.

ದೃಷ್ಟಿ

ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಪಕ್ಕದ ಹಳ್ಳಿ. ಕೆರೆ ಮೀನು ತಿಂದು ಗಟ್ಟಿಯಾಗಿದ್ದ ಸೊಸೆ ಯಂತ್ರ ಹತ್ತಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡ್ಡ ಬಂದರು.

"ಜೋರಾಗಿ ಹೇಳ್ಬ್ಯಾಡ್ರೀ ಸಿಸ್ಟರ್, ದೃಷ್ಟಿ ಆಗ್ತೈತೆ."

ನಾನು ಅವರ ಕಿವಿಯಲ್ಲಿ ತೂಕ ಪಿಸುಗುಟ್ಟಿದೆ. ಅತ್ತೆ ಗಂಭೀರವಾಗಿ ತಲೆಯಾಡಿಸಿ, ನೇರ ಬಾಗಿಲಿಗೆ ಹೋಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಎಪ್ಪತ್ತೆಂಟು ಕೆ.ಜಿ. ಐತಂತೆ. ಯಾರಿಗೂ ಹೇಳ್ಬ್ಯಾಡ್ರಿ."

ಶೇಂಗಾ ಉಂಡೆ

ಚೊಚ್ಚಲ ಹೆರಿಗೆಗೆ ಹೊನ್ನಾಳಿಯ ತವರಿಗೆ ಬಂದಿದ್ದ ಹುಡುಗಿಯ ತೂಕ ಒಂದೇ ತಿಂಗಳಲ್ಲಿ ಚೆನ್ನಾಗಿ ಏರಿತ್ತು. ಅವಳ ತಾಯಿ ಹಿಗ್ಗಿ, ನ್ಯಾಮತಿಯ ಬೀಗಿತ್ತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. "ನೀವೇ ಹೇಳ್ರಿ, ಆಗ ನಂಬ್ತಾರೆ."

ಹೇಳಿದೆ. ಆ ಕಡೆಯಿಂದ ಬೀಗಿತ್ತಿಯ ದನಿ ಪಕ್ಕದಲ್ಲಿದ್ದವರಿಗೂ ಕೇಳಿತು: "ಏರದೇ ಏನ್ರೀ? ನಾವು ಕಳಿಸಿದ ಶೇಂಗಾ ಉಂಡೆ ತಿಂತಾಳಲ್ಲ."

ತಾಯಿಗೆ ರೇಗಿತು. "ಆ ಉಂಡೆ ಎಲ್ಲಾ ತಿಂದಿದ್ದು ನಮ್ಮ ಯಜಮಾನ್ರು. ಬೇಕಾದ್ರೆ ಅವರನ್ನೂ ತೂಕ ಮಾಡಿ ಹೇಳ್ರಿ."

ಬೆಂಚಿನ ಮೇಲೆ ಹೊಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಯಜಮಾನರು ಮೆಲ್ಲಗೆ ಎದ್ದು ಟೀ ಕುಡಿಯಲು ಹೋದರು.

ಬಿಳಿಚೋಡಿನ ಸೊಸೆ

ಜಗಳೂರಿಗೆ ಬಂದಾಗ ನನ್ನ ನಗು ನಿಂತಿತು. ಬಿಳಿಚೋಡು ಕಡೆಯ ಕುರಿ ಸಾಕುವ ಮನೆಯ ಸೊಸೆ, ಏಳು ತುಂಬಿದರೂ ನಲವತ್ತು ಕೆ.ಜಿ. ಮುಟ್ಟಿರಲಿಲ್ಲ. "ಮುಂದಿನ ಸಲ ತೂಕ ಏರದಿದ್ರೆ ಹೆರಿಗೆ ಇಲ್ಲಿ ಬೇಡ, ದಾವಣಗೆರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ" ಎಂದೆ.

ಅತ್ತೆಯ ಮುಖ ಬಾಡಿತು. "ಅಲ್ಲಿ ನನ್ನ ಒಳಗೆ ಬಿಡಾಕಿಲ್ಲಂತೆ. ತಾಯಿಲ್ಲದ ಹುಡುಗಿ ರೀ, ಒಬ್ಬಳೇ ಹೆಂಗೆ ಹಡೀತಾಳೆ?"

ಮುಂದಿನ ಸಲ ನೋಡಿದರೆ ಒಮ್ಮೆಲೇ ಎಂಟು ಕೆ.ಜಿ. ಏರಿದೆ! ನನಗೆ ಗಾಬರಿ. ಕಾಲು ಬಾತಿದೆಯಾ ನೋಡಿದೆ, ಬಿ.ಪಿ. ನೋಡಿದೆ, ಎಲ್ಲ ಸರಿಯಿತ್ತು. ಮತ್ತೆ ಹತ್ತಿಸಿ ಬಗ್ಗಿ ನೋಡಿದೆ. ಸೊಸೆಯ ಸೀರೆ ನೆರಿಗೆಯ ಹಿಂದೆ, ಯಂತ್ರದ ಅಂಚಿನ ಮೇಲೆ, ಅತ್ತೆಯ ಬಲಗಾಲು.

"ಇದೇನಮ್ಮಾ?"

"ಬೀಳ್ತಾಳೇನೋ ಅಂತ ಹಿಡ್ಕಂಡಿದ್ದೆ ರೀ."

"ಕಾಲಲ್ಲಿ ಹಿಡ್ಕೊಳ್ಳೋದಾ?"

ಕಾಲು ತೆಗೆಸಿ ತೂಗಿದೆ. ತೂಕ ಸ್ವಲ್ಪವೇ ಏರಿತ್ತು, ಆದರೂ ಏರಿತ್ತು. ಡಾಕ್ಟರು ಪರೀಕ್ಷಿಸಿ, ರಕ್ತ ಚೆನ್ನಾಗಿದೆ, ಕೂಸೂ ಬೆಳೆದಿದೆ, ಇಲ್ಲೇ ಆಗಲಿ ಎಂದರು. ಹೆರಿಗೆಯ ದಿನ ನಡುಗಿದವಳು ನಾನು. ಆ ಕಡ್ಡಿಯಂಥ ಹುಡುಗಿ ಅತ್ತೆಯ ಕೈ ಹಿಡಿದು, ಹಲ್ಲು ಕಚ್ಚಿ, ಎಮ್ಮೆಯಂಥ ದನಿಯ ಹೆಣ್ಣುಕೂಸನ್ನು ಹಡೆದಳು. ಅವಳ ಧೈರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಕೂಸನ್ನು ತೂಗಿದರೆ ಮೂರು ಕೆ.ಜಿ. ದಾಟಿದೆ! ನಂಬಲಾಗದೆ ಅತ್ತೆಯ ಕಡೆ ತಿರುಗಿದೆ. ಆಕೆ ಗೋಡೆಗೆ ಅಂಟಿಕೊಂಡು, ಎರಡೂ ಕೈ ಮೇಲೆತ್ತಿ ನಿಂತಿದ್ದರು.

"ಸರಿಯಾಗಿ ನೋಡ್ಕಳ್ರಿ ಸಿಸ್ಟರ್, ನಾನು ಇಲ್ಲೇ ಅದೀನಿ. ಈ ತೂಕ ಪೂರಾ ನಮ್ಮ ಸೊಸೇದೇ."