ಬೋರಲಿಂಗೇಗೌಡರ ಚಾರ್ಮಾಡಿ ವಿಜಯ

ಪೆಟ್ರೋಲನ್ನು ಅಮೃತವೆಂದೂ ಬ್ರೇಕನ್ನು ಬಿಟ್ಟಿಯೆಂದೂ ಮಾನವಕುಲವು ಬಗೆದಿದ್ದ ಆ ಚತುಶ್ಚಕ್ರಯುಗಕ್ಕೆ ಮೊದಲು ವಂದಿಸೋಣ. ಬಳಿಕ, ಆ ಯುಗದಲ್ಲಿ ಬೇಲೂರನ್ನು ತಮ್ಮ ಹಾರನ್ನಿನಿಂದ ಎಚ್ಚರಿಸುತ್ತಿದ್ದ, ಮೂವತ್ತೊಂದು ವರ್ಷ ಶಾಲಾ ಮೈದಾನದಲ್ಲಿ ಸೀಟಿಯೂದಿ ನಿವೃತ್ತರಾದ, ಶ್ವೇತಶ್ಮಶ್ರುಮಂಡಿತ, ಸ್ಥೂಲಬಾಹು, ಪರರ ಬುದ್ಧಿಮಾತಿಗೆ ವಜ್ರಕರ್ಣರಾದ ಡ್ರಿಲ್ ಮೇಷ್ಟ್ರು ಬೋರಲಿಂಗೇಗೌಡರನ್ನು ಸ್ಮರಿಸೋಣ.

ಆ ಮಹಾನುಭಾವರು ಒಂದು ಶನಿವಾರ ಪತ್ನಿ ಇಂದ್ರಮ್ಮನವರೊಡನೆ ಉಜಿರೆಯಲ್ಲಿದ್ದ ನಾದಿನಿಯ ಮನೆಗೆ ಹೊರಟರು. ಹೊರಡುವ ಮುನ್ನ ಕಾರಿನ ಮುಂಚಕ್ರಗಳ ನಟ್ಟುಗಳನ್ನು ಬಿಗಿಯಲು ಸ್ಪ್ಯಾನರಿನ ಹಿಡಿಯ ಮೇಲೆ ಎರಡೂ ಪಾದಗಳನ್ನಿಟ್ಟು, ಗಜರಾಜನು ಕಮಲದ ದಂಟನ್ನು ಮೆಟ್ಟುವಂತೆ ಮೆಟ್ಟಿ ಗರ್ಜಿಸಿದರು:

"ಈ ಗೌಡ ಬಿಗಿದ ನಟ್ಟನ್ನ ಬಿಚ್ಚೋ ಗಂಡು ಇನ್ನೂ ಹುಟ್ಟಿಲ್ಲ ಕಣೆ!"

"ಪಂಕ್ಚರ್ ಆದ್ರೆ ನೀವೇ ಬಿಚ್ಬೇಕಲ್ರೀ" ಎಂದರು ಇಂದ್ರಮ್ಮ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ಇಳಿಜಾರು ಬಾಯ್ದೆರೆದೊಡನೆ ಗೌಡರು ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದರು. "ಭೂಮ್ತಾಯಿನೇ ಎಳ್ಕೊಂಡು ಹೋಗ್ತಾಳೆ. ಪೆಟ್ರೋಲ್ ಯಾಕೆ ಸುಡ್ಬೇಕು?" ಎಂದು ಬ್ರೇಕಿನ ಮೇಲೆ ಇಟ್ಟ ಬಲಪಾದವನ್ನು ತಿರುವಿನಿಂದ ತಿರುವಿಗೆ ಒಮ್ಮೆಯೂ ಎತ್ತಲಿಲ್ಲ.

"ಏನ್ರೀ, ಏನೋ ಸುಟ್ಟ ವಾಸ್ನೆ."

"ಮುಂದಿನ ಲಾರೀದು."

ಮುಂದೆ ಲಾರಿಯಿರಲಿಲ್ಲ. ಮುಂದಿನ ತಿರುವಿನಾಚೆ ಕೆಂಪು ಬಸ್ಸೊಂದು ಪರ್ವತೋಪಮವಾಗಿ ನಿಂತಿತ್ತು. ಗೌಡರು ಬ್ರೇಕನ್ನು ಒತ್ತಿದರು. ಅದು ಬೆಣ್ಣೆಯಂತೆ ಒಳಗಿಳಿಯಿತೇ ಹೊರತು ಕಾರು ನಿಲ್ಲಲಿಲ್ಲ. ಮತ್ತೊಮ್ಮೆ ತುಳಿದು, ಕೈಬ್ರೇಕನ್ನು ಕಿತ್ತು ಬರುವಂತೆ ಎಳೆದಾಗ, ಬಸ್ಸಿನ ಬೆನ್ನಿಗೆ ಗೇಣಿನಷ್ಟು ಅಂತರದಲ್ಲಿ ರಥವು ನಿಂತಿತು. ಬಸ್ಸು ಹೊರಡುವ ತನಕ ಗೌಡರು ಹಲ್ಲು ಕಚ್ಚಿ ಬ್ರೇಕನ್ನು ಹಾಗೆಯೇ ಒತ್ತಿ ಹಿಡಿದಿದ್ದರು. ಆಮೇಲೆ ತೊರೆಯ ಬಳಿ ಇಳಿದು, ಹೊಗೆಯುಗುಳುತ್ತಿದ್ದ ಚಕ್ರಗಳಿಗೆ ನಾಲ್ಕು ಬಾಟಲಿ ತಣ್ಣೀರು ಅಭಿಷೇಕ ಮಾಡಿದರು. ಯಜ್ಞಕುಂಡದಿಂದ ಏಳುವಂತೆ ಬಿಳಿಯ ಹಬೆ ಎದ್ದಿತು.

ಅಲ್ಲಿಂದ ಮುಂದೆ ಬ್ರೇಕು ಮುಟ್ಟಿದಾಗಲೆಲ್ಲ ಸ್ಟೀರಿಂಗು ಮೈಮೇಲೆ ದೆವ್ವ ಬಂದಂತೆ ಅದುರಿತು. ಇಂದ್ರಮ್ಮನವರ ಬಳೆಗಳು ತಾವಾಗಿಯೇ ಝಣಝಣಿಸಿದವು.

"ವಾಪಸ್ ನಾನು ಬಸ್ಸಲ್ಲೇ ಹೋಗೋದು. ಇನ್ಮೇಲೆ ನಿಮ್ ಕಾರು ಹತ್ತೋಳಲ್ಲ" ಎಂದರು ಅವರು. ಇಪ್ಪತ್ತೇಳು ವರ್ಷ ಎಡಸೀಟಿನಲ್ಲಿ ಕೂತ ಸಹಧರ್ಮಿಣಿಯ ಈ ಮಾತು ವೀರವಕ್ಷವನ್ನು ಭೇದಿಸಿತು.

ಉಜಿರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬೋನಿಫಾಸ್ ಎಂಬ ಕೃಶಕಾಯನು ಕಾದಿದ್ದ. ಗೌಡರು ರಸ್ತೆಯನ್ನೂ ಟೈರನ್ನೂ ಬಸ್ಸಿನ ಡ್ರೈವರನ್ನೂ ಶಪಿಸಿ ಮುಗಿಸುವಷ್ಟರಲ್ಲಿ ಅವನು ಚಕ್ರ ಬಿಚ್ಚಿದ್ದ. ಒಳಗೆ ಬ್ರೇಕು ಕಚ್ಚುವ ಕಬ್ಬಿಣದ ಡಿಸ್ಕಿಗೆ ಮುಳ್ಳಿನ ಮಾಪಕ ಆನಿಸಿ ತಿರುಗಿಸಿದ. ಮುಳ್ಳು ಅತ್ತಿತ್ತ ಕುಣಿಯಿತು.

"ಇಡೀ ಘಾಟಿ ಬ್ರೇಕ್ ಒತ್ತಿಕೊಂಡೇ ಇಳಿದದ್ದಾ ಮಾರಾಯ್ರೆ? ಡಿಸ್ಕ್ ಬೆಂದು ಹೋಗಿದೆ. ಕಾದ ಡಿಸ್ಕನ್ನು ನಿಂತಲ್ಲೇ ಗಟ್ಟಿ ಹಿಡಿದ್ರೆ ಬ್ರೇಕ್ ಪ್ಯಾಡಿನ ಪುಡಿ ಒಂದೇ ಕಡೆ ಅಂಟ್ತದೆ. ಮೇಲಿಂದ ತಣ್ಣೀರು ಬೇರೆ! ಅದು ಇನ್ನು ಸಮ ತಿರುಗುವುದು ಹೇಗೆ?" ಕನ್ನಡಕ ಏರಿಸಿಕೊಂಡು ಕೇಳಿದ: "ನಟ್ಟು ಬಿಗಿದವರು ಯಾರು? ಡಿಸ್ಕು ಒಂದು ಬದಿಗೆ ಎಳೆದುಕೊಂಡುಂಟು."

ಬೇಲೂರಿನ ಸಿಂಹವು ನೆಲ ನೋಡಿತು. ಇಂದ್ರಮ್ಮ ಸಿಂಹವನ್ನು ನೋಡಿದರು.

ಬೋನಿಫಾಸ್ ಡಿಸ್ಕುಗಳನ್ನು ಲೇತಿಗೆ ಕೊಟ್ಟು ತೆಳ್ಳಗೆ ಹೆರೆಸಿದ, ಅವು ಕೂರುವ ಜಾಗದ ತುಕ್ಕು ಉಜ್ಜಿದ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿದ. ಗೌಡರು ಪತ್ನಿಯ ಪಕ್ಕ ಕೂತು ಮೆಲ್ಲನೆ ಹೇಳಿದರು:

"ಆ ತಿರುವಲ್ಲಿ ನಂಗೂ ಕೈ ನಡುಗ್ತು ಕಣೆ. ಸ್ಟೀರಿಂಗ್ ನಡುಗೋಕ್ ಮುಂಚೇನೇ."

ಇಂದ್ರಮ್ಮ, "ಇನ್ನೊಂದೇ ಸಲ ಹತ್ತೀನಿ. ಆದ್ರೆ ಈ ಅಣ್ಣನೂ ಬರ್ಬೇಕು" ಎಂದರು.

ಮೂವರೂ ಪರೀಕ್ಷೆಗೆಂದೇ ಘಾಟಿ ಹತ್ತಿ, ಮತ್ತೆ ಇಳಿಯತೊಡಗಿದರು. ಇಂದ್ರಮ್ಮ ಹಿಂದೆ, ಮುಂದೆ ಸಾರಥಿಗೆ ಗುರುವಾಗಿ ಬೋನಿಫಾಸ್. "ಎರಡನೇ ಗೇರಲ್ಲೇ ಇರಲಿ. ಎಂಜಿನ್ನೇ ಹಿಡ್ಕೊಳ್ತದೆ. ಬ್ರೇಕ್ ಒತ್ತಿ, ಬಿಡಿ. ಒತ್ತಿ, ಬಿಡಿ. ಅದಕ್ಕೂ ಉಸಿರಾಡ್ಲಿಕ್ಕೆ ಬಿಡಿ ಮಾರಾಯ್ರೆ!"

ಆಹಾ, ಆ ಅವರೋಹಣದ ಸಂಯಮವನ್ನು ಏನೆಂದು ಬಣ್ಣಿಸಲಿ! ಎಂಜಿನ್ನು ಗರ್ಜಿಸಿತು, ರಥವು ಆಮೆಯಾಯಿತು. ಹಿಂದೆ ಸಾಲುಗಟ್ಟಿದ ವಾಹನಗಳು ಹಾರನ್ನಿನ ಬಾಣವೃಷ್ಟಿ ಸುರಿಸಿದವು. ಹಾಲಿನ ವ್ಯಾನು ದಾಟಿತು. ಕೋಳಿ ತುಂಬಿದ ಟೆಂಪೋ ದಾಟಿತು. ಇಬ್ಬರು ಮುದುಕರನ್ನು ಹೊತ್ತ ಮೊಪೆಡ್ಡೂ ದಾಟಿ, ಹಿಂದೆ ಕೂತವರು ಟಾಟಾ ಮಾಡಿದರು. ಗೌಡರು ಸಹಿಸಿದರು. ಮೀಸೆ ನಡುಗಿತು, ಸ್ಟೀರಿಂಗು ನಡುಗಲಿಲ್ಲ.

ಘಾಟಿಯ ಬುಡದಲ್ಲಿ ಬೋನಿಫಾಸ್ ಇಳಿದು ಚಕ್ರದ ಬಳಿ ಕೈಯೊಡ್ಡಿ, "ಹದ ಬಿಸಿ. ಸುಡುವ ಹಾಗಿಲ್ಲ" ಎಂದ.

ದಿಗ್ವಿಜಯಿಯಾದ ಬೋರಲಿಂಗೇಗೌಡರು ಎದೆಯುಬ್ಬಿಸಿ, ಲೋಕವೇ ಕೇಳುವಂತೆ ನುಡಿಯುತ್ತ ಹಿಂದಕ್ಕೆ ತಿರುಗಿದರು: "ನೋಡಿದ್ಯಾ ಇಂದ್ರಾ, ಹೆಂಗಿಳಿಸ್ದೆ!"

ಇಂದ್ರಮ್ಮ ಕಿಟಕಿಗೆ ತಲೆಯಾನಿಸಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಕೂಗಿಗೆ ಎಚ್ಚರಗೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು:

"ಯಾಕ್ರೀ ನಿಲ್ಸಿದ್ರಿ? ಘಾಟಿ ಶುರುವಾಯ್ತಾ?"