ಪಂಕಜಳ ಹೆರಿಗೆಗೆ ಯತಿರಾಜನ ರಜೆ

ಗೋಸುಂಬೆ ಯಾವುದರ ಮೇಲೆ ಕೂತರೆ ಅದರ ಬಣ್ಣಕ್ಕೆ ತಿರುಗುತ್ತದೆ ಎಂದು ಯತಿರಾಜ ಹುಟ್ಟಿದಂದಿನಿಂದ ನಂಬಿಕೊಂಡಿದ್ದ. ಹಾಗಾಗಿ ಪರದೇಶದ ಐಂಡ್‌ಹೋವನ್ ಊರಿನ ಅವನ ಬಾಡಿಗೆ ಮನೆಗೆ ಪಂಕಜ ಎಂಬ ಹೆಣ್ಣು ಗೋಸುಂಬೆ ಬಂದ ದಿನ ಅವನು ಮಾಡಿದ ಮೊದಲ ಘನಕಾರ್ಯವೆಂದರೆ, ಹೆಂಡತಿ ಸಂಪ್ರೀತಾಳ ಚೌಕುಳಿ ಉಡುಪಿ ಸೀರೆಯನ್ನು ಸೋಫಾದ ಮೇಲೆ ಹರಡಿ, ಪಂಕಜಳನ್ನು ಅದರ ನಟ್ಟನಡುವೆ ಪ್ರತಿಷ್ಠಾಪಿಸಿ, ಮೊಬೈಲು ಹಿಡಿದು ಕಾದದ್ದು. ಚೌಕುಳಿ ಮೂಡಲಿಲ್ಲ. ಅಂಚೂ ಮೂಡಲಿಲ್ಲ. ಪಂಕಜ ಒಂದು ಕಣ್ಣಲ್ಲಿ ಅವನನ್ನೂ ಇನ್ನೊಂದು ಕಣ್ಣಲ್ಲಿ ಸೂರನ್ನೂ ನೋಡುತ್ತಾ, ತನ್ನ ಅಭಿಪ್ರಾಯವನ್ನು ಸೆರಗಿನ ಮೇಲೆ ವಿಸರ್ಜಿಸಿದಳು. ಬಣ್ಣ ಬದಲಿಸಿದವಳು ಸಂಪ್ರೀತಾ!

"ಅದು ಮೂಡ್ ಮೇಲೆ ಬಣ್ಣ ಬದಲಾಯಿಸತ್ತೆ, ಸೀರೆ ಮೇಲಲ್ಲ! ಗೂಗಲ್ ಅಂತ ಒಂದಿದೆ, ಕೇಳಿದೀಯಾ?"

ಬೇರೆಯವರಾಗಿದ್ದರೆ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಆದರೆ ಹಗಲೆಲ್ಲ ಕಂಪನಿಯಲ್ಲಿ ಕಂಪ್ಯೂಟರ್ ಚಿಪ್ಪುಗಳ ದೋಷ ಹುಡುಕುವ ನಮ್ಮ ಯತಿರಾಜನಿಗೆ ಸ್ವಂತದ್ದು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

"ನೋಡ್ತಾ ಇರು, ಈ ಊರಲ್ಲಿ ಗೋಸುಂಬೆ ಮರಿ ಮಾಡಿಸಿದ ಮೊದಲ ಕನ್ನಡಿಗ ನಾನೇ!" ಎಂದು ಎದೆ ತಟ್ಟಿಕೊಂಡ.

"ಎರಡನೆಯವನು ಪಾಪ ಎಲ್ಲೋ ಕ್ಯೂನಲ್ಲಿ ನಿಂತಿರಬೇಕು," ಎಂದಳು ಸಂಪ್ರೀತಾ, ಸೆರಗು ಒಗೆಯುತ್ತ.

ಹಾಗಂತ ಪಂಕಜಳನ್ನು ಹಚ್ಚಿಕೊಂಡವಳೂ ಅವಳೇ. ಆಫೀಸಿನಿಂದ ಬಂದ ಕೂಡಲೇ ಎಲೆಗಳ ಮೇಲೆ ನೀರು ಚಿಮುಕಿಸಿ ಕುಡಿಸುವವಳು, ಜೀರುಂಡೆ ಹಿಡಿದು ತಿನ್ನಿಸುವವಳು ಅವಳು. ಊರಿಂದ ಬಂದಿದ್ದ ಅವಳ ತಾಯಿ ಪುಷ್ಪಾವತಿ ಈರುಳ್ಳಿಯನ್ನೇ ಮನೆಯೊಳಗೆ ಬಿಟ್ಟುಕೊಳ್ಳದ ಹೆಂಗಸು. ಅಂಥವರು ಡಬ್ಬಿಯಲ್ಲಿ ಚಿರ್‌ಗುಟ್ಟುವ ಜೀರುಂಡೆಗಳಿಗೆ ದಿನಾ ಕ್ಯಾರೆಟ್ ಸಿಪ್ಪೆ ಹಾಕತೊಡಗಿದರು. "ಪಾಪ, ಸಾಯ್ಲಿಕ್ಕೆ ಹೋಗುವ ಜೀವ. ಹೊಟ್ಟೆ ತುಂಬ ಉಂಡು ಹೋಗ್ಲಿ. ಈ ಊರಲ್ಲಿ ಮಾತಾಡುವವರು ಅಂತ ಇರುವುದು ಇವು ಮಾತ್ರ!"

ಪಕ್ಕದ ಊರು ಹೆಲ್ಮಂಡಿನ ವಿಮ್ ಎಂಬಾತನ ಬಳಿ ಗಂಡು ಗೋಸುಂಬೆ ಸಿಕ್ಕಿತು. ವರ ಬಟ್ಟೆಚೀಲದಲ್ಲಿ ಕೂತು ಬಸ್ಸಿನಲ್ಲಿ ಬಂದ. ವಿಮ್ ಒಂದು ಕಾಫಿ ಕುಡಿದು ಒಂದು ಬಿಸ್ಕತ್ತು ತಿನ್ನುವಷ್ಟರಲ್ಲಿ ಮದುವೆ ಮುಗಿದು, ವರ ಮತ್ತದೇ ಚೀಲ ಹತ್ತಿದ. ಊಟ ಬೇಡ, ಉಡುಗೊರೆ ಬೇಡ, ಇಂಥ ಬೀಗರು ಎಲ್ಲಿ ಸಿಕ್ಕಾರು! ಹೊರಡುವಾಗ ವಿಮ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ: "ತಿಂಗಳೊಪ್ಪತ್ತಿಗೆ ಮೊಟ್ಟೆ ಇಡ್ತಾಳೆ. ಒಂದು ಬಕೆಟ್ ಒದ್ದೆ ಮರಳಿಡಿ, ಗೂಡಿಗೆ ಬಟ್ಟೆ ಮುಚ್ಚಿ. ಯಾರೂ ನೋಡಬಾರದು. ನೋಡಿದ್ರೆ ಇಡಲ್ಲ. ಇಡದಿದ್ರೆ ಬದುಕಲ್ಲ."

ಯಾರೂ ಎಂದರೆ ಬೇರೆಯವರು ಯಾರೂ ಎಂದು ಯತಿರಾಜ ಅರ್ಥ ಮಾಡಿಕೊಂಡ. ಮರಳಿನ ಬಕೆಟ್ಟಿಗೆ ತೇವ ಅಳೆಯುವ ಸೆನ್ಸರ್, ಥರ್ಮಾಮೀಟರ್, ಮಂದವಾದ ಕೆಂಪು ದೀಪ, ಮೇಲೊಂದು ಕ್ಯಾಮೆರಾ! ಯಾವ ಮಹಾರಾಣಿಗೂ ಇಂಥ ಹೆರಿಗೆ ಕೋಣೆ ಸಿಕ್ಕಿರಲಿಕ್ಕಿಲ್ಲ.

ಪಂಕಜಳ ಹೊಟ್ಟೆ ದುಂಡಗಾಯಿತು. "ಚೊಚ್ಚಲ ಬಸುರಿ. ಬಯಕೆ ತೀರಿಸದಿದ್ರೆ ಆಗ್ತದಾ?" ಎಂದು ಪುಷ್ಪಾವತಿ ನಗೆಯಾಡಿದರು. ಅಳಿಯ ಅದನ್ನು ಆಜ್ಞೆಯೆಂದು ತಿಳಿದು ಊರಿನ ಕನ್ನಡ ಬಳಗದ ವಾಟ್ಸಾಪಿಗೆ ಹಾಕಿಬಿಟ್ಟ: "ಶನಿವಾರ ನಮ್ಮ ಮನೆಯಲ್ಲಿ ಪಂಕಜಳ ಸೀಮಂತ. ಸಕುಟುಂಬ ಬನ್ನಿ!"

ಬಂದರು ನೋಡಿ, ಸಕುಟುಂಬ! ಗೂಡಿಗೆ ಹಸಿರು ಬಳೆ ತೂಗಿತು. ಹೋಳಿಗೆ ಮುಗಿಯಿತು. ಮುಚ್ಚಿದ್ದ ಬಟ್ಟೆ ಸರಿಸಿ, ವಾಸಂತಿ ಎಂಬುವರು ಆರತಿ ಎತ್ತಿ ಹಾಡಿದರು. ಎಲ್ಲರ ಮೊಬೈಲುಗಳೂ ಫಳಫಳ ಎಂದವು. ಹಸಿರಾಗಿದ್ದ ಪಂಕಜ ನೋಡನೋಡುತ್ತಿದ್ದಂತೆ ಬಾಣಲೆಯ ತಳದಂತೆ ಕಪ್ಪಗಾದಳು!

"ದೃಷ್ಟಿ ಆಗಿದೆ ಕಣ್ರೀ, ತೆಗೀರಿ," ಎಂದರು ವಾಸಂತಿ.

ಯತಿರಾಜ ಇನ್ನೊಂದು ಫೋಟೋ ತೆಗೆದ.

ಅಂದಿನಿಂದ ಪಂಕಜ ಜೀರುಂಡೆ ಮುಟ್ಟಲಿಲ್ಲ, ಮರಳಿನತ್ತ ಇಳಿಯಲಿಲ್ಲ. ಪ್ರಾಣಿವೈದ್ಯೆ ಹೊಟ್ಟೆ ಮುಟ್ಟಿ ನೋಡಿ, "ಈ ವಾರದೊಳಗೆ ಇಡಲೇಬೇಕು. ಇಲ್ಲದಿದ್ರೆ ಹೊಟ್ಟೆ ಕೊಯ್ಯಬೇಕಾಗತ್ತೆ. ಬದುಕ್ತಾಳೆ ಅಂತ ಮಾತು ಕೊಡಲಾರೆ," ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡ ಸಂಪ್ರೀತಾ ಕಿಟಕಿ ಕಡೆಗೇ ನೋಡುತ್ತ ಹೇಳಿದಳು: "ಇವಳಿಗೆ ಏನಾದ್ರೂ ಆದ್ರೆ ನಾನು ನಿನ್ ಜೊತೆ ಮಾತಾಡಲ್ಲ ಯತಿ. ತಮಾಷೆ ಅಲ್ಲ."

ಯತಿರಾಜ ಪ್ರಾಯಶ್ಚಿತ್ತಕ್ಕೆಂದು ಮ್ಯಾನೇಜರ್ ಯೆರೂನನ ಬಳಿ ಹೋಗಿ, "ಮನೆಯಲ್ಲಿ ಹೆರಿಗೆ, ರಜೆ ಬೇಕು," ಎಂದ. ಮನೆಯಲ್ಲೇ ಹೆರುವುದು ಆ ದೇಶದಲ್ಲಿ ಹೊಸದಲ್ಲ. ಯೆರೂನ್ ಅವನನ್ನು ತಬ್ಬಿಕೊಂಡ. ಯಾರ ಹೆರಿಗೆ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ.

ರಜೆ ಹಾಕಿದ ಯತಿರಾಜ ಟಾರ್ಚು ಹಿಡಿದು ಗೂಡಿನ ಮುಂದೆ ಪದ್ಮಾಸನ ಹಾಕಿದ. ಪಂಕಜ ಮರಳಿನ ಕಡೆ ಒಂದು ಕಾಲಿಟ್ಟರೆ ಸಾಕು, "ಬಂದ್ಲು, ಬಂದ್ಲು! ಕಮಾನ್ ಪಂಕಜ!" ಅವಳು ಕಾಲು ಹಿಂದೆಗೆದು ಮೇಲೆ ಹತ್ತುವಳು.

"ನೀವು ಒಂದು ಗಳಿಗೆ ಆಚೆ ಹೋಗಿ ಮಾರಾಯ್ರೆ," ಎಂದರು ಪುಷ್ಪಾವತಿ.

"ಇಲ್ಲ ಅತ್ತೆ, ಅವಳಿಗೆ ಧೈರ್ಯ ತುಂಬೋಕೆ ಒಬ್ಬರು ಬೇಕು."

"ಧೈರ್ಯ ಅವಳಿಗೆ ಉಂಟು. ಇಲ್ಲದ್ದು ನಿಮಗೆ."

ವಾರ ಮುಗಿಯುತ್ತ ಬಂದಿತ್ತು. ಆಗ ಬಂತು ಯೆರೂನನ ಫೋನು. ಇಡೀ ತಂಡ ಕಾದಿದೆಯಂತೆ, ಹತ್ತು ನಿಮಿಷಕ್ಕೆ ಬಂದು ಹೋಗಬೇಕಂತೆ. ಯತಿರಾಜ ಟಾರ್ಚು ಎಸೆದು ಸೈಕಲ್ ಹತ್ತಿದ. ಗೂಡಿನ ಬಾಗಿಲು ಹಾಕಲು ಮರೆತ.

ಆಫೀಸಿನಲ್ಲಿ ಬಲೂನು! ಮಗು ಹುಟ್ಟಿದಾಗ ಅಲ್ಲಿ ಹಂಚುವ, ಸಕ್ಕರೆ ಮೆತ್ತಿದ ಸೋಂಪು ಉದುರಿಸಿದ ರಸ್ಕು! ಅಂಗೈಯಗಲದ ಉಲ್ಲನ್ ಕಾಲುಚೀಲ!

"ಗಂಡೋ, ಹೆಣ್ಣೋ?"

"ಇನ್ನೂ ಆಗಿಲ್ಲ."

"ಹೆಂಡತಿಯನ್ನ ಹೆರಿಗೆ ನೋವಲ್ಲಿ ಬಿಟ್ಟು ಬಂದ್ಯಾ?!"

"ಇಲ್ಲ ಇಲ್ಲ, ಹೆಂಡತಿ ಆಫೀಸಿಗೆ ಹೋಗಿದ್ದಾಳೆ."

ಯೆರೂನ್ ರಸ್ಕಿನ ತಟ್ಟೆ ಕೆಳಗಿಟ್ಟ.

"ಹಾಗಾದ್ರೆ ಹೆರ್ತಿರೋದು ಯಾರು?"

"ಪಂಕಜ. ನಮ್ಮನೇಲೇ ಇದ್ದಾಳೆ. ಹೆಂಡತಿಗೂ ಅವಳಂದ್ರೆ ಬಹಳ ಪ್ರೀತಿ!"

ತನ್ನ ಬಾಯಿಂದ ಏನು ಬಿತ್ತೆಂದು ಯತಿರಾಜನಿಗೆ ಹೊಳೆಯುವಷ್ಟರಲ್ಲಿ ಯೆರೂನನ ಮುಖ ಬಿಳಿ, ಕೆಂಪು, ನೇರಳೆ ಎಲ್ಲ ಆಗಿಹೋಗಿತ್ತು. ಯತಿರಾಜ ಮೊಬೈಲು ತೆಗೆದು ಪಂಕಜಳ ಫೋಟೋ ತೋರಿಸಿದ. ಆಮೇಲೆ ಎದ್ದ ನಗು ಮಧ್ಯಾಹ್ನ ಕಳೆದರೂ ಅಡಗಲಿಲ್ಲ. ಪಕ್ಕದ ವಿಭಾಗದವರೂ ಬಂದು ಕಥೆಯನ್ನು ಮೊದಲಿಂದ ಹೇಳಿಸಿಕೊಂಡು ಹೋದರು. ಹತ್ತು ನಿಮಿಷ ಸಂಜೆಯಾಯಿತು. "ಬಾಣಂತಿಯನ್ನ ನಾನೂ ನೋಡ್ಬೇಕು," ಎಂದು ರಸ್ಕಿನ ಪೊಟ್ಟಣ ಹಿಡಿದ ಯೆರೂನ್ ಹಿಂದೆಯೇ ಸೈಕಲ್ ಏರಿದ.

ಮನೆಯಲ್ಲಿ ಗೂಡಿನ ಬಾಗಿಲು ಹಾರುಹೊಡೆದಿತ್ತು. ಅದೇ ತಾನೇ ಬಂದ ಸಂಪ್ರೀತಾ ಬ್ಯಾಗು ಕೂಡ ಇಳಿಸದೆ, ಖಾಲಿ ಗೂಡಿನ ಮುಂದೆ ಬಿಳುಚಿಕೊಂಡು ನಿಂತಿದ್ದಳು. ಯತಿರಾಜನತ್ತ ನೋಡಿದಳು. ಮಾತಾಡಲಿಲ್ಲ. ಯತಿರಾಜ ಸೋಫಾದಡಿ ನುಗ್ಗಿದ. ಯೆರೂನ್ ಶೂ ಬಿಚ್ಚಿ ಕಪಾಟಿನ ಹಿಂದೆ ಹುಡುಕಿದ. ಬಕೆಟ್ಟಿನ ಮರಳು ಇದ್ದ ಹಾಗೇ ಇತ್ತು.

"ಎಲ್ಲ ಇಲ್ಲಿ ಬನ್ನಿ. ಶಬ್ದ ಮಾಡ್ಬೇಡಿ."

ದೀಪ ಹಚ್ಚಲು ಹೋಗಿದ್ದ ಪುಷ್ಪಾವತಿ ಕಿಟಕಿಯ ಪರದೆ ಚೂರೇ ಸರಿಸಿದರು. ಕಿಟಕಿಯ ಕಟ್ಟೆಯ ಮೇಲೆ ಅವರು ದಿನಾ ನೀರೆರೆಯುತ್ತಿದ್ದ ತುಳಸಿಯ ದೊಡ್ಡ ಕುಂಡ. ಅದರ ಬುಡದಲ್ಲಿ, ತಲೆಯಿಂದ ಬಾಲದವರೆಗೆ ಮಣ್ಣು ಮೆತ್ತಿಕೊಂಡ ಪಂಕಜ! ಹೊಟ್ಟೆ ಖಾಲಿ ಚೀಲದಂತೆ ಜೋತಿದೆ, ಮೈಗೆ ಹಸಿರು ಮರಳುತ್ತಿದೆ. ಮುಚ್ಚಿದ ಗುಂಡಿಯನ್ನು ಕಾಲಲ್ಲಿ ತಟ್ಟಿ ತಟ್ಟಿ ಸಮ ಮಾಡುತ್ತಿದ್ದಾಳೆ. ಮೂಲೆಯಲ್ಲಿ ಮುಚ್ಚದೆ ಉಳಿದ ಒಂದು ಮೊಟ್ಟೆ, ಪೆಪ್ಪರಮಿಂಟಿನಷ್ಟು ಬೆಳ್ಳಗೆ. ಸಂಪ್ರೀತಾ ನೆಲದ ಮೇಲೆ ಕುಸಿದು ಕೂತು ಅಳುತ್ತ ನಕ್ಕಳು. ಯೆರೂನ್ ಒಂದು ರಸ್ಕು ತೆಗೆದು ಅವಳ ಕೈಗಿಟ್ಟ.

ಆಮೇಲೆ ಅವನ ಕಣ್ಣು ಹೆರಿಗೆ ಕೋಣೆಯ ಮೇಲೆ ಬಿತ್ತು. ಸೆನ್ಸರ್, ಕೆಂಪು ದೀಪ, ಕ್ಯಾಮೆರಾ. "ಇಷ್ಟೆಲ್ಲ ಮಾಡಿಟ್ಟಿದ್ದನ್ನ ಬಿಟ್ಟು ಅವಳು ಈ ಕುಂಡಕ್ಕೆ ಬಂದಿದ್ದೇಕೆ? ಅಮ್ಮನವರನ್ನ ಕೇಳು," ಎಂದ.

ತುಳಸಿಯ ಮಹಿಮೆಯ ಬಗ್ಗೆ ಏನಾದರೂ ಬಂದೀತು, ತನ್ನ ಮಾನ ಸ್ವಲ್ಪ ಉಳಿದೀತು ಎಂದುಕೊಂಡು ಯತಿರಾಜ ಕನ್ನಡದಲ್ಲಿ ಕೇಳಿದ: "ಅತ್ತೆ, ನನ್ನ ಬಕೆಟ್ಟಿನಲ್ಲಿ ಇಲ್ಲದ್ದು ಇಲ್ಲೇನಿತ್ತು?"

ದೀಪಕ್ಕೆ ಬತ್ತಿ ಹೊಸೆಯಲು ಕೂತಿದ್ದ ಪುಷ್ಪಾವತಿ ಕೈ ನಿಲ್ಲಿಸಲಿಲ್ಲ.

"ಎಂತದೂ ಇರಲಿಲ್ಲ. ನೀವೂ ಇರಲಿಲ್ಲ."